ಜವಳಿ ಬೇನೆ

ಮೊದಲು ಕೈಕೊಟ್ಟದ್ದು ಸೀರೆಯ ನೆರಿಗೆ.

ಬೆಳಿಗ್ಗೆ ಉಟ್ಟದ್ದು ಮಧ್ಯಾಹ್ನದೊಳಗೆ ಎಡಬದಿಯಿಂದ ಜಾರುತ್ತಿತ್ತು. ಸಿಕ್ಕಿಸಿದೆ. ಮತ್ತೆ ಜಾರಿತು. ನಾನು ಮೂಡಲಗಿಯ ಜವಳಿ ಅಂಗಡಿಯವರ ಹೆಂಡತಿ, ಊರಿನ ಎಷ್ಟೋ ಮದುಮಕ್ಕಳಿಗೆ ಸೀರೆ ಉಡಿಸಿದವಳು. ನನ್ನದೇ ನೆರಿಗೆ ನಿಲ್ಲುವುದಿಲ್ಲವೆಂದರೆ ಸಿಟ್ಟು ಬರದೆ ಇರುತ್ತದೆಯೇ? ಪಕ್ಕೆಲುಬಿನ ಕೆಳಗೆ ಕೈಯಿಟ್ಟು ನೋಡಿದರೆ ಏನೋ ಗಟ್ಟಿಯಾಗಿತ್ತು. ಒತ್ತಿದರೆ ಹೇಳಿಕೊಳ್ಳುವಂಥ ನೋವಿರಲಿಲ್ಲ. ಗ್ಯಾಸ್ ಎಂದುಕೊಂಡೆ. ನಮ್ಮ ಮನೆಯಲ್ಲಿ ಹೊಟ್ಟೆಗೆ ಸಂಬಂಧಪಟ್ಟ ಎಲ್ಲದಕ್ಕೂ ಅದೇ ಹೆಸರು.

ಅದಕ್ಕೂ ಮೊದಲೇ ಸಂಜೆಗೊಮ್ಮೆ ಜ್ವರ ಬರುತ್ತಿತ್ತು. ಬರುತ್ತಿತ್ತು, ಹೋಗುತ್ತಿತ್ತು. ನಾನು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಲಗಾಲಿನಲ್ಲಿ, ಮೊಣಕಾಲ ಕೆಳಗೆ ಮುಂಭಾಗದಲ್ಲಿ, ಒಂದು ಗುಳ್ಳೆ ಎದ್ದು, ಒಡೆದು, ಮೇಲೆ ಹಕ್ಕಳೆಗಟ್ಟಿ ಹಾಗೇ ಕೂತಿತ್ತು. ಅರಿಸಿನ ಹಚ್ಚಿದೆ, ಬೇವಿನೆಣ್ಣೆ ಹಚ್ಚಿದೆ. ಅದು ಹೋಗಲಿಲ್ಲ, ನೋಯಿಸಲೂ ಇಲ್ಲ. ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಇದ್ದುಬಿಟ್ಟಿತು.

ನನಗೆ ಇವುಗಳ ಕಡೆ ಗಮನವಿಡಲು ಪುರುಸೊತ್ತಾದರೂ ಎಲ್ಲಿತ್ತು? ಒಬ್ಬಳೇ ಮಗಳು ರಾಜಮತಿ ಚೊಚ್ಚಲ ಬಸುರಿ. ಹುಕ್ಕೇರಿ ತಾಲ್ಲೂಕಿನ ಕಣಗಲಾಕ್ಕೆ ಕೊಟ್ಟಿದ್ದೇವೆ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಅದು ನಮ್ಮ ಕಡೆಯ ರೂಢಿ. ರೂಢಿಯ ಮಾತು ಬಿಡಿ, ನನಗೇ ಆಸೆಯಿತ್ತು. ನಾನು ಹೆತ್ತಾಗ ನನ್ನ ತಾಯಿ ಬದುಕಿರಲಿಲ್ಲ. ಕೂಸಾಗಿದ್ದ ರಾಜಿಗೆ ನೀರು ಎರೆದವರು ಕೂಲಿಗೆ ಬಂದ ಹೆಂಗಸರು. ನನ್ನ ಮೊಮ್ಮಗುವನ್ನು ನನ್ನ ಕಾಲ ಮೇಲೆ ಹಾಕಿಕೊಂಡು ನಾನೇ ನೀರು ಎರೆಯಬೇಕು ಎಂದು ಮಗಳ ಮದುವೆಯ ದಿನವೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಹಳೆಯ ಮೆತ್ತನೆ ಸೀರೆಗಳನ್ನು ಒಗೆದು ಮಡಚಿ ಇಟ್ಟದ್ದೂ ಆಗಿತ್ತು.

ಹೊಟ್ಟೆ ಮಾತ್ರ ಬೆಳೆಯುತ್ತ ಹೋಯಿತು. ಮೈ ಇಳಿಯಿತು, ಮುಖ ಕಪ್ಪಿಟ್ಟಿತು. ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ಮುಂದೆ. ಮುಟ್ಟು ನಿಂತಿತ್ತು. ವಯಸ್ಸಾಯಿತು, ಇನ್ನು ನಿಲ್ಲುವ ಕಾಲವೇ ಎಂದು ಸುಮ್ಮನಿದ್ದೆ.

ನಮ್ಮ ಅತ್ತೆಯವರು ಸುಮ್ಮನಿರಲಿಲ್ಲ.

ಅವರಿಗೆ ಕಿವಿ ಮಂದ, ಕಣ್ಣು ಚುರುಕು. ಒಂದು ದಿನ ಅಕ್ಕಿ ಆರಿಸುತ್ತ ಕೂತವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಓಣಿಗೆಲ್ಲ ಕೇಳುವಂತೆ ಕೇಳಿದರು.

"ತ್ರಿಶಲಾ, ಎಷ್ಟ ತಿಂಗಳಾತು?"

"ಏನ್ ಮಾತಾಡ್ತೀರಿ ಅತ್ತಿ! ಮಗಳು ಬಸರಿ ಅದಾಳ."

"ಮಗಳದು ಮಗಳಿಗಿ, ನಿಂದು ನಿನಗ. ನಮ್ಮ ಅತ್ತಿ ಮತ್ತ ನಾನು ಕೂಡೇ ಹಡದೇವಿ. ಒಂದ ತೊಟ್ಲಾ ಪಾಳಿ ಮ್ಯಾಲ ತೂಗೇವಿ. ನಾಚಿಕೊಳ್ಳೂದ ಏನೈತಿ ಅದರಾಗ?"

ನಾನು ಅಲ್ಲ ಅಲ್ಲ ಎಂದಷ್ಟೂ ಅವರಿಗೆ ಹೌದು ಹೌದು ಎಂದು ಕೇಳಿಸಿತು. ಮರುದಿನದಿಂದ ನನ್ನ ತಟ್ಟೆಗೆ ತುಪ್ಪ ಜಾಸ್ತಿ ಬೀಳತೊಡಗಿತು. ಬಾಜೂ ಮನೆಯವರು ಹುಣಸೆಕಾಯಿ ತಂದುಕೊಟ್ಟರು. ಅಂಗಡಿಗೆ ಬಂದ ಗಿರಾಕಿಗಳು ನಮ್ಮವರ ಮುಖ ನೋಡಿ ನಗುತ್ತಿದ್ದರಂತೆ. ನಮ್ಮವರು ಮನೆಗೆ ಬಂದು, "ಏನಾಗೇತಿ ಈ ಮಂದಿಗಿ?" ಎಂದು ನನ್ನನ್ನೇ ಕೇಳಿದರು. ಹೇಳಿದೆ. ಅವರ ಕಿವಿ ಕೆಂಪಗಾಯಿತು. ಜ್ವರ ನನಗೋ ಅವರಿಗೋ ಎನ್ನುವ ಹಾಗೆ.

ಮೂಡಲಗಿಯ ಡಾಕ್ಟರರು ಮಲೇರಿಯಾ ಎಂದು ಗುಳಿಗೆ ಕೊಟ್ಟಿದ್ದರು. ನಾಟಲಿಲ್ಲ. ಗೋಕಾಕಕ್ಕೆ ಹೋದೆವು. ಅಲ್ಲಿ ಸ್ಕ್ಯಾನ್ ಮಾಡಿಸಿದರು. ಹೊಟ್ಟೆಯ ಮೇಲೆ ತಣ್ಣಗಿನ ಅಂಟು ಹಚ್ಚಿ, ಯಂತ್ರ ಆಡಿಸುತ್ತ, ಡಾಕ್ಟರು ಹೇಳಿದರು.

"ಬಸರ ಏನಿಲ್ರಿ. ಸ್ಪ್ಲೀನ್ ಬೆಳದೈತಿ. ಹೊಕ್ಕಳಾ ದಾಟಿ ಬಂದೈತಿ. ತಡಾ ಮಾಡಬ್ಯಾಡ್ರಿ, ಬೆಳಗಾವಿಗಿ ಹೋಗ್ರಿ."

ಸ್ಪ್ಲೀನ್ ಎಂದರೆ ಗುಲ್ಮ. ನನಗೆ ಅಂಥದೊಂದು ಅಂಗ ಇದೆ ಎನ್ನುವುದೇ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಕೂತು ನಾನು ಅತ್ತುಬಿಟ್ಟೆ. ಸಾಯುತ್ತೇನೆ ಎನ್ನುವುದಕ್ಕಿಂತ, ಆ ಮೆತ್ತನೆ ಸೀರೆಗಳನ್ನು ಯಾರು ಹರಿದು ಕೂಸಿಗೆ ಹಾಸುತ್ತಾರೆ ಎಂದು ಅಳು ಬಂತು. ನಮ್ಮವರು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಅವರು ಅಳುವಾಗ ಯಾವಾಗಲೂ ಹೊರಗೆ ನೋಡುತ್ತಾರೆ.

ಅತ್ತೆಯವರಿಗೆ ನಿಜ ಹೇಳುವುದು ಬೇಡ ಎಂದು ನಿರ್ಧರಿಸಿದೆವು. ವಯಸ್ಸಾದ ಜೀವ, ಹೆದರಿಕೊಂಡಾರು. ಬೆಳಗಾವಿಯಲ್ಲಿ ತಪಾಸಣೆ ಇದೆ ಎಂದಷ್ಟೇ ಹೇಳಿದೆವು. ಈ ಜಾಣತನ ಮುಂದೆ ನಮ್ಮ ಮೈಮೇಲೇ ಬಂತು.

ಬೆಳಗಾವಿಯ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದವರು ಮೈಸೂರು ಕಡೆಯ ಒಬ್ಬ ತರುಣ ಡಾಕ್ಟರು. ಮೃದುವಾದ ಮಾತು. ಅವರು 'ಅಮ್ಮಾ' ಎಂದು ಕರೆದಾಗಲೆಲ್ಲ ಅರ್ಧ ಜ್ವರ ಇಳಿದಂತಾಗುತ್ತಿತ್ತು. ಎದೆಯ ಮೂಳೆಗೆ ಸೂಜಿ ಚುಚ್ಚಿ ಬೋನ್ ಮ್ಯಾರೋ ತೆಗೆದರು. ಆ ನೋವು ಬೇರೆಯೇ. ಒಳಗಿನಿಂದ ಯಾರೋ ಹಗ್ಗ ಜಗ್ಗಿದ ಹಾಗೆ. ಆಮೇಲೆ ಬಂದು ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ಕೇಳಿದರು.

"ಈಚೆಗೆ ಉತ್ತರದ ಕಡೆ ಎಲ್ಲಿಗಾದರೂ ಹೋಗಿದ್ದಿರಾ ಅಮ್ಮಾ?"

ಹೋಗದೆ! ರಾಜಿಯ ಮದುವೆಯ ಹರಕೆ ತೀರಿಸಲು ಗೋಕಾಕದಿಂದ ಹೊರಟ ಯಾತ್ರೆಯ ಬಸ್ಸಿನಲ್ಲಿ ನಾವಿಬ್ಬರೂ ಹೋಗಿದ್ದೆವು. ನಮ್ಮ ಜೈನ ಮಂದಿಯ ಬಸ್ಸು, ಅಡಿಗೆಯವರೂ ಜೊತೆಗೆ. ಮೊದಲು ರಾಜಸ್ಥಾನದ ಬಸದಿಗಳು, ಆಮೇಲೆ ಬಿಹಾರ. ಶಿಖರಜಿ ಬೆಟ್ಟ ಹತ್ತಿ ಇಳಿದು, ಅಲ್ಲಿಂದ ವೈಶಾಲಿಯ ಕಡೆಗೂ ಹೋಗಿ ಬಂದೆವು. ಸೆಕೆ ಎಂದರೆ ಸೆಕೆ. ರಾತ್ರಿ ಧರ್ಮಶಾಲೆಯ ಅಂಗಳದಲ್ಲಿ ಬರಿ ನೆಲಕ್ಕೆ ಮಲಗುತ್ತಿದ್ದೆವು. ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಕಡಿಯುತ್ತಿದ್ದವು. ಹೊಡೆಯುವ ಹಾಗಿಲ್ಲ. ಯಾತ್ರೆಗೆ ಬಂದು ಜೀವಹಿಂಸೆಯೇ? ಬಸ್ಸಿನವರೆಲ್ಲ ಸೆರಗಿನಿಂದ, ಧೋತರದ ತುದಿಯಿಂದ, "ಹೋಗಪಾ, ಹೋಗವಾ" ಎಂದು ಮೆಲ್ಲಗೆ ಬೀಸಿ ಅಟ್ಟುತ್ತಿದ್ದೆವು. ನಮ್ಮವರಂತೂ ನನ್ನ ಕಾಲ ಮೇಲೆ ಕೂತ ಒಂದನ್ನು ಊದಿ ಕಳಿಸಿ, "ಪಾಪ, ಅದಕ್ಕೂ ಹೊಟ್ಟಿ ಐತಿ" ಎಂದಿದ್ದರು.

ಇದನ್ನು ಹೇಳಿದಾಗ ಡಾಕ್ಟರು ನಗಬಾರದೆಂದು ತುಟಿ ಕಚ್ಚಿಕೊಂಡರು. ಆಮೇಲೆ ಸೋತು ನಕ್ಕರು.

"ಆ ನೊಣವೇ ಅಮ್ಮಾ. ಸ್ಯಾಂಡ್‌ಫ್ಲೈ. ನಿಮಗೆ ಬಂದಿರುವುದು ಕಾಲಾ ಅಜಾರ್."

ನಮ್ಮ ಮನೆಯಲ್ಲಿ ಕನ್ನಡದ ಜೊತೆ ಮರಾಠಿಯೂ ಓಡಾಡುತ್ತದೆ. ಕಾಳಾ ಎಂದರೆ ಕಪ್ಪು, ಆಜಾರ ಎಂದರೆ ರೋಗ. ಬಿಡಿಸಿ ಹೇಳಬೇಕಾಗಿರಲಿಲ್ಲ. ಕೈ ನೋಡಿಕೊಂಡೆ. ಕಪ್ಪಗೇ ಇತ್ತು.

ಚಿಕಿತ್ಸೆ ಇಲ್ಲದಿದ್ದರೆ ಜೀವಕ್ಕೆ ಅಪಾಯ, ಇದ್ದರೆ ಬಹುತೇಕ ಗುಣ ಎಂದರು. ಡ್ರಿಪ್‌ನಲ್ಲಿ ಆಂಫೋಟೆರಿಸಿನ್ ಎನ್ನುವ ಔಷಧ, ದಿನ ಬಿಟ್ಟು ದಿನ. ಕಾಲಿನ ಹುಣ್ಣನ್ನೂ ಅವರೇ ಕಂಡುಹಿಡಿದು ಅಂಚನ್ನು ಕೆರೆದು ತೆಗೆದರು. ಅದನ್ನೂ ಮ್ಯಾರೋವನ್ನೂ ಉತ್ತರದ ಯಾವುದೋ ದೊಡ್ಡ ಲ್ಯಾಬಿಗೆ ಕಳಿಸಿದರು.

ಮೊದಲ ಡ್ರಿಪ್ ಹಚ್ಚುವ ಮುಂಚೆ ಕಣ್ಣು ಮುಚ್ಚಿ ಕೈ ಮುಗಿದೆ. ದೇವರಿಗೆ ಎಂದುಕೊಂಡು ನರ್ಸ್ ಸುಮ್ಮನೆ ನಿಂತಳು. ನಾನು ಕೈ ಮುಗಿದದ್ದು ಮೈಯೊಳಗಿದ್ದ ರೋಗದ ಆ ಸಣ್ಣ ಜೀವಗಳಿಗೆ. ನನ್ನಿಂದ ನಿಮಗೆ ನೋವಾಗುತ್ತದೆ, ಕ್ಷಮಿಸಿ ಎಂದೆ. ನಮ್ಮ ಪರ್ಯೂಷಣ ಹಬ್ಬದಲ್ಲಿ ಎಲ್ಲರಲ್ಲೂ ಕೇಳುವ ಕ್ಷಮೆಯನ್ನು ಅವುಗಳಲ್ಲೂ ಕೇಳಿದೆ. ಆಮೇಲೆ ಕಣ್ಣು ತೆರೆದು ನರ್ಸಿಗೆ ಹೇಳಿದೆ, "ಹಚ್ಚವಾ. ಬಿಡಬ್ಯಾಡ ಅವನ್ನ."

ಔಷಧ ಒಳಗೆ ಹೋದ ಸ್ವಲ್ಪ ಹೊತ್ತಿಗೆ ನಡುಕ. ಮಂಚವೇ ಗಡಗಡ ಎನ್ನುತ್ತಿತ್ತು. ಹೊದಿಕೆ ಮೇಲೆ ಹೊದಿಕೆ. ನಮ್ಮವರು ಕಾಲು ಹಿಡಿದುಕೊಂಡು ಕೂರುತ್ತಿದ್ದರು. ನಡುಕ ನಿಂತ ಮೇಲೆ ಹಸಿವು. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ. ಡ್ರಿಪ್ ಮುಗಿಯುವುದೂ ಹೊತ್ತು ಮುಳುಗುವುದೂ ಪಂದ್ಯ ಕಟ್ಟಿದಂತೆ ಓಡುತ್ತಿದ್ದವು. ನಮ್ಮವರು ಒಂದು ಕಣ್ಣು ಬಾಟಲಿಯ ಮೇಲೆ, ಒಂದು ಕಣ್ಣು ಸೂರ್ಯನ ಮೇಲೆ ಇಟ್ಟು, ಕೈಯಲ್ಲಿ ರೊಟ್ಟಿ ಮುರಿದುಕೊಂಡು ಕಾಯುತ್ತಿದ್ದರು. ಬದುಕಿನಲ್ಲಿ ಮೊದಲ ಸಲ ಅವರು ನನಗೆ ತುತ್ತು ಮಾಡಿ ಉಣಿಸಿದರು. ಆ ವಾರ್ಡಿನಲ್ಲಿ, ಅಷ್ಟು ಮಂದಿಯ ಮುಂದೆ! ನನಗೆ ನಾಚಿಕೆಯೂ ಆಯಿತು. ಖುಷಿಯೇ ಹೆಚ್ಚಾಯಿತು.

ಜ್ವರ ಬಿಟ್ಟಿತು.

ಸಂಜೆ ಬಂತು, ಜ್ವರ ಬರಲಿಲ್ಲ. ಮರುಸಂಜೆಯೂ ಬರಲಿಲ್ಲ. ಗಟ್ಟಿ ಗಡ್ಡೆ ದಿನದಿನಕ್ಕೆ ಪಕ್ಕೆಲುಬಿನ ಒಳಗೆ ಸರಿಯಿತು. ನೆರಿಗೆ ನಿಂತಿತು. ಆದರೆ ಕಾಲಿನ ಹುಣ್ಣು ಮಾತ್ರ ಅಲ್ಲಾಡಲಿಲ್ಲ. ಆಗ ಲ್ಯಾಬಿನಿಂದ ಉತ್ತರ ಬಂತು. ಡಾಕ್ಟರು ಓಡುತ್ತಲೇ ವಾರ್ಡಿಗೆ ಬಂದರು.

"ಅಮ್ಮಾ, ನಿಮ್ಮ ಮೈಯಲ್ಲಿ ಎರಡು ಇವೆ! ಮೂಳೆಯಲ್ಲಿರುವ ರೋಗಾಣು ಒಂದು ಜಾತಿ, ಹುಣ್ಣಿನಲ್ಲಿರುವುದು ಬೇರೆ ಜಾತಿ. ಅದು ಬಿಹಾರದ್ದು, ಇದು ರಾಜಸ್ಥಾನದ್ದು. ಒಬ್ಬರಲ್ಲೇ ಎರಡೂ ಸಿಗುವುದು ತುಂಬಾ ಅಪರೂಪ!"

"ಜಾತಿ ಬ್ಯಾರೆ ಬ್ಯಾರೆ ಇದ್ರೂ ಒಂದ ಮನ್ಯಾಗ ಅದಾವಲ್ರಿ. ಜಗಳಾ ಆಡೂದಿಲ್ಲೇನು?" ಎಂದು ಕೇಳಿದೆ.

"ನಿಮ್ಮ ಜೊತೆ ಮಾತ್ರ ಆಡುತ್ತವೆ" ಎಂದರು.

ಅಂದಿನಿಂದ ನಾನು ಆಸ್ಪತ್ರೆಯಲ್ಲಿ ದೊಡ್ಡ ಮನುಷ್ಯಳಾದೆ. ಕಲಿಯುವ ಹುಡುಗ ಹುಡುಗಿಯರು ತಂಡತಂಡವಾಗಿ ಬಂದು ಹೊಟ್ಟೆ ಒತ್ತಿ, ಕಾಲು ನೋಡಿ, ಬರೆದುಕೊಂಡು ಹೋಗುತ್ತಿದ್ದರು. ನಾನೂ ಬೆಳಿಗ್ಗೆ ತಲೆ ಬಾಚಿ ಕುಂಕುಮ ಇಟ್ಟುಕೊಂಡು ತಯಾರಾಗಿ ಕೂರುತ್ತಿದ್ದೆ. ನಮ್ಮವರು ಹೇಳಿದರು, "ಲಗ್ನಾಕ ಕನ್ಯಾ ನೋಡಾಕ ಸೈತ ಇಷ್ಟ ಮಂದಿ ಬಂದಿದ್ದಿಲ್ಲ ನಿನಗ."

ಈ ಖುಷಿಯಲ್ಲಿ ಅವರು ಎಸ್‌ಟಿಡಿ ಬೂತಿಗೆ ಹೋಗಿ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯ ಆಳು ಫೋನ್ ಎತ್ತಿಕೊಂಡ. "ಅವ್ವಗ ಹೇಳು, ತ್ರಿಶಲಾ ಆರಾಮ ಅದಾಳ. ಡಾಕ್ಟರು ನೋಡ್ಯಾರ. ಎರಡು ಅದಾವಂತ" ಎಂದರು. ಆಳು ಹೋಗಿ ಅತ್ತೆಯವರ ಕಿವಿಯಲ್ಲಿ ಕೂಗಿ ಹೇಳಿದ.

ಎರಡು ಅದಾವಂತ.

"ಜವಳಿ!" ಎಂದರಂತೆ ಅತ್ತೆಯವರು. ನಮ್ಮ ಕಡೆ ಅವಳಿ ಮಕ್ಕಳಿಗೆ ಜವಳಿ ಎನ್ನುತ್ತಾರೆ, ಬಟ್ಟೆಬರೆಗೂ ಜವಳಿಯೇ. "ಜವಳಿ ಅಂಗಡ್ಯಾಗ ಜವಳಿ!" ಎಂದು ತಮ್ಮ ಮಾತಿಗೆ ತಾವೇ ನಕ್ಕು, ಮಧ್ಯಾಹ್ನದೊಳಗೆ ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟರು. ಅಂಕಲಗಿಯ ನೆಂಟರಿಗೆ ಸುದ್ದಿ ಹೋಯಿತು. ಅಂಕಲಗಿಯಿಂದ ಹುಕ್ಕೇರಿಗೆ, ಹುಕ್ಕೇರಿಯಿಂದ ಕಣಗಲಾಕ್ಕೆ. ಸುದ್ದಿಗೆ ಬಸ್ಸು ಬೇಕಾಗಲಿಲ್ಲ.

ಕಣಗಲಾದ ಬೀಗತಿ, ಎಂದರೆ ರಾಜಿಯ ಅತ್ತೆ, ಬಿಗಿಯಾದ ಹೆಂಗಸು. ಕೆಟ್ಟವರಲ್ಲ. ಆದರೆ ಅವರ ಮನೆಯಲ್ಲಿ ಬೆಕ್ಕು ಕೂಡ ಕಾಲೊರೆಸಿಕೊಂಡು ಒಳಗೆ ಬರಬೇಕು. ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ ತಾಯಿ ಬರಲಿಲ್ಲ, ಕೇಳಿದರೆ ತಾನೇ ಜವಳಿ ಹೊತ್ತು ಆಸ್ಪತ್ರೆಯಲ್ಲಿ ಮಲಗಿದ್ದಾಳಂತೆ! ಅವರಿಗೆ ಮುಖ ಎತ್ತಿ ತಿರುಗುವುದು ಕಷ್ಟವಾಗಿರಬೇಕು. ಹೇಳಿಕಳಿಸಿದರು: ಸೊಸೆಯನ್ನು ಹೆರಿಗೆಗೆ ಕಳಿಸುವುದಿಲ್ಲ. ಬಾಣಂತಿಯೇ ಇರುವ ಮನೆಯಲ್ಲಿ ಇನ್ನೊಬ್ಬ ಬಾಣಂತಿಯನ್ನು ಯಾರು ನೋಡುತ್ತಾರೆ?

ನಮ್ಮವರು ಕಣಗಲಾಕ್ಕೆ ಓಡಿದರು. ಬಸುರಲ್ಲ, ರೋಗ ಎಂದು ಬಿಡಿಸಿ ಹೇಳಿದರು. ಎರಡು ಕೂಸಲ್ಲ, ಎರಡು ಥರದ ರೋಗದ ಹುಳ ಎಂದರು. ಅವಮಾನ ತಪ್ಪಿತಲ್ಲ ಎಂಬ ಉತ್ಸಾಹದಲ್ಲಿ ಕಾಲಾ ಅಜಾರ್ ಎಂಬ ಹೆಸರನ್ನೂ ಹೇಳಿದರು. ಬೀಗತಿಗೂ ಮರಾಠಿ ಚೆನ್ನಾಗಿ ಬರುತ್ತದೆ.

ನಾಚಿಕೆ ಹೋಯಿತು, ಹೆದರಿಕೆ ಬಂತು. ಕೂಸಿಗೆ ಅಂಟಿಕೊಂಡರೆ? ಸೊಸೆಯನ್ನು ಕಳಿಸುವುದಿಲ್ಲ, ನೀವೂ ಸದ್ಯ ಇತ್ತ ಬರಬೇಡಿ ಎಂದರಂತೆ.

ಆ ದಿನ ಮಾತ್ರ ನಾನು ತಲೆ ಬಾಚಿಕೊಳ್ಳಲಿಲ್ಲ. ಹುಡುಗರು ಬಂದರೆ ಗೋಡೆಯ ಕಡೆ ತಿರುಗಿ ಮಲಗಿದೆ. ಮೂಳೆಗೆ ಸೂಜಿ ಹಾಕಿದಾಗ ಕೂಗದವಳು ಆ ದಿನ ಬಾಯಿಗೆ ಸೆರಗು ತುರುಕಿಕೊಂಡೆ. ಡಾಕ್ಟರು ಬಂದು ಕೇಳಿದರು. ಹೇಳಿದೆ.

"ಮುಟ್ಟಿದರೆ ಬರುವುದಿಲ್ಲ ಅಮ್ಮಾ. ಜೊತೆಗೆ ಉಂಡರೆ, ಮಲಗಿದರೆ ಬರುವುದಿಲ್ಲ. ಹುಣ್ಣು ಮಾಯಲಿ, ಆಮೇಲೆ ಮೊಮ್ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಿ" ಎಂದರು. ನನ್ನ ಮಟ್ಟಿಗೆ ಅಷ್ಟು ಸಾಕಾಗಿತ್ತು. ಆದರೆ ಕಣಗಲಾಕ್ಕೆ ಅದನ್ನು ತಲುಪಿಸುವವರು ಯಾರು?

ಹುಣ್ಣಿನ ಸುತ್ತ ಬೇರೆ ಇಂಜೆಕ್ಷನ್ ಶುರುವಾಯಿತು. ಹುಣ್ಣಿನ ಅಂಚಿಗೇ ಚುಚ್ಚುವುದು. ಪ್ರತಿ ಸಲವೂ ಕಣ್ಣಲ್ಲಿ ನಕ್ಷತ್ರ. ಕೊಡಿ ಕೊಡಿ, ಬೇಗ ಮಾಯಿಸಿ ಎನ್ನುತ್ತಿದ್ದೆ. ಮೆಲ್ಲಗೆ ಅದೂ ಸೋತಿತು. ಹಕ್ಕಳೆ ಉದುರಿ, ಕೆಳಗೆ ಗುಲಾಬಿ ಬಣ್ಣದ ತೆಳು ಚರ್ಮ ಬಂತು. ಮನೆಗೆ ಕಳಿಸಿದರು. ಆಗಾಗ ಬಂದು ತೋರಿಸಬೇಕು, ಈ ರೋಗ ಮರೆತಾಗ ಮತ್ತೆ ಬಂದು ಬಾಗಿಲು ತಟ್ಟಬಹುದು ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ತೋರಿಸುತ್ತೇನೆ. ಹೆದರಿಕೆ ಇಲ್ಲವೆಂದಲ್ಲ, ಆದರೆ ಅದಕ್ಕೆ ದಿನವಿಡೀ ಕೂರಲು ನಮ್ಮ ಮನೆಯಲ್ಲಿ ಮಣೆ ಹಾಕುವವರಿಲ್ಲ.

ಮೂಡಲಗಿಗೆ ಬಂದಾಗ ಅತ್ತೆಯವರು ನನ್ನ ಚಪ್ಪಟೆ ಹೊಟ್ಟೆ ನೋಡಿ ಗಾಬರಿಯಾದರು. ಕೂರಿಸಿ, ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದೆ. ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡೇ ಇದ್ದರು. ಆಮೇಲೆ, "ಸಕ್ಕರಿ ಹಂಚಿದ್ದು ವ್ಯರ್ಥ ಆಗಲಿಲ್ಲ ಬಿಡು. ನೀ ಬಂದಿ" ಎಂದರು.

ರಾಜಿಗೆ ಹುಕ್ಕೇರಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಫೋನಿನಲ್ಲಿ ಅವಳು ಒಂದೇ ಮಾತು ಹೇಳಿದಳು, "ಅವ್ವಾ, ಬಾ." ಬರಬೇಡಿ ಎಂದವರ ಮನೆಗೆ ಹೋಗುವುದು ಹೇಗೆ ಎಂದು ನಮ್ಮವರು ಹಿಂದೆಮುಂದೆ ನೋಡಿದರು. ಕೂಸಿನ ಹೊಕ್ಕಳಬಳ್ಳಿ ಬೀಳುವ ತನಕ ನಾನೂ ತಡೆದುಕೊಂಡೆ. ಆಮೇಲೆ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟೇಬಿಟ್ಟೆ. ಅವರು ಅಂಗಡಿ ಮುಚ್ಚಿ ಹಿಂದೆ ಓಡಿ ಬಂದರು.

ಕಣಗಲಾದಲ್ಲಿ ಕುರ್ಚಿ ಹೊರಗಿನ ಕಟ್ಟೆಯ ಮೇಲೆ ಬಂತು. ನಮ್ಮವರನ್ನು ಬೀಗರು ಹೊಲ ತೋರಿಸುತ್ತೇನೆಂದು ಕರೆದುಕೊಂಡು ಹೋದರು. ಬೀಗತಿ ಹೊಸ್ತಿಲ ಒಳಗೇ ನಿಂತರು. ಒಳಗೆ ಕೂಸು ಅಳುವುದು ಕೇಳುತ್ತಿತ್ತು. ನನ್ನ ಮೈಯೆಲ್ಲ ಕಿವಿಯಾಗಿತ್ತು.

"ಖರೆ ಹೇಳ್ರಿ ಅಕ್ಕಾರ," ಎಂದರು ಬೀಗತಿ. "ಮುಟ್ಟಿದ್ರ ಬರತೈತೇನು?"

"ಇಲ್ರಿ. ಡಾಕ್ಟರು ಖಂಡಿತ ಇಲ್ಲ ಅಂದಾರ. ಆ ನೊಣಾ ಕಡೀಬೇಕು. ನಮ್ಮವರ್ನ ನೋಡ್ರಿ, ಅಷ್ಟ ದಿನಾ ಜ್ವರಾ ಇದ್ದಾಗ ನನ್ನ ಬಾಜೂಕನ ಮಲಗ್ಯಾರ. ಅವರಿಗಿ ಏನೂ ಆಗಿಲ್ಲ."

ಬೀಗತಿಯ ಬಾಯಿಯ ತುದಿ ಅಲುಗಿತು.

"ಅವರು ಬಾಜೂಕ ಮಲಗಿದ್ದಕ್ಕ ಅಲ್ಲೇನ್ರಿ ಊರ ತುಂಬ ಆ ಸುದ್ದಿ ಆಗಿದ್ದು!"

ನನಗೆ ತಡೆಯಲಾಗಲಿಲ್ಲ. ಅವರಿಗೂ ಆಗಲಿಲ್ಲ. ಆ ಬಿಗಿಯಾದ ಹೆಂಗಸು ಬಾಗಿಲಚೌಕಟ್ಟು ಹಿಡಿದುಕೊಂಡು ನಕ್ಕರು. ನಾನು ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಳಗಿನಿಂದ ರಾಜಿ, "ಏನಾತು, ಏನಾತು?" ಎಂದು ಕೂಗುತ್ತಲೇ ಇದ್ದಳು.

"ಬರ್ರಿ ಒಳಗ," ಎಂದರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ನೀರ ಕಾದೈತಿ. ಕೂಸಿಗಿ ಎರಿಯಾಕಿ ಇವತ್ತ ಬಂದಿಲ್ಲ. ನಂಗ ಮೊಣಕಾಲ ಬ್ಯಾನಿ, ಕೂಡಾಕ ಆಗೂದಿಲ್ಲ."

ಬಚ್ಚಲಿನಲ್ಲಿ ಕೂತು ಸೀರೆಯನ್ನು ಮೊಣಕಾಲ ತನಕ ಸರಿಸಿ ಕಾಲು ಚಾಚಿದೆ. ಬಲಗಾಲ ಮೇಲೆ ಆ ಗುರುತು ಎದ್ದು ಕಾಣುತ್ತಿತ್ತು. ಬೀಗತಿ ಕೂಸನ್ನು ಎತ್ತಿಕೊಂಡು ಬಂದವರು ಅದನ್ನೇ ನೋಡುತ್ತ ನಿಂತರು. ಕೂಸನ್ನು ರಾಜಿಯ ಕೈಗೆ ಕೊಟ್ಟು ಒಳಗೆ ಹೋದರು. ಹಳೆಯ ಧೋತರದ ತುಂಡೊಂದನ್ನು ಮಡಚುತ್ತ ಹೊರಗೆ ಬಂದರು. ಗುರುತಿನ ಮೇಲೆ ಹೊದಿಸಲು ತಂದಿದ್ದಾರೆ ಎಂದುಕೊಂಡೆ. ಹೊದಿಸಲಿ, ಇಲ್ಲಿಯ ತನಕ ಬಂದದ್ದೇ ನನ್ನ ಪುಣ್ಯ.

ಬೀಗತಿ ನೋಯುವ ಮೊಣಕಾಲನ್ನು ಹಿಡಿದುಕೊಂಡು ಬಗ್ಗಿದರು. ಆ ಬಟ್ಟೆಯನ್ನು ನನ್ನ ಎರಡೂ ಕಾಲುಗಳ ನಡುವಿನ ಸಂದಿಯಲ್ಲಿ ಒತ್ತಿ ತುರುಕಿದರು.

"ಏನ್ ಕಾಲ ಮಾಡ್ಕೊಂಡೀರಿ ಅಕ್ಕಾರ, ಕಟಗಿ ಆಗ್ಯಾವು. ಕೂಸ ನಡುವ ಜಾರಿ ಬಿದ್ದೀತು."

ಆಮೇಲೆ ರಾಜಿಯ ಕೈಯಿಂದ ಕೂಸನ್ನು ತೆಗೆದುಕೊಂಡು, ನನ್ನ ಕಾಲ ಮೇಲೆ ಬೋರಲು ಮಲಗಿಸಿದರು. ಅದರ ಬರಿ ಹೊಟ್ಟೆ ನೇರ ಆ ಗುರುತಿನ ಮೇಲೆ ಬಂತು. ಬೆಚ್ಚಗಿತ್ತು.

ಬೀಗತಿ ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು. "ಹೂಂ, ಎರೀರಿ," ಎಂದರು. "ನೀರ ಆರಾಕತ್ತೈತಿ."